ಕಾರಿನ ಇಂಧನ ವ್ಯವಸ್ಥೆಗೆ ಯಾವ ಕ್ಲೀನರ್ ಕೊಳ್ಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲೀನರ್ ಕೊಳ್ಳುವ ಮುಂಚೆ ಎರಡು ವಿಷಯ ತಿಳಿದಿರಬೇಕು. ನಿಮ್ಮ ಕಾರಿನ ತೊಂದರೆ ಇಂಧನ ಹರಿಯುವ ದಾರಿಯಲ್ಲಿ ಕಟ್ಟಿಕೊಂಡ ಕರಿಯಿಂದ ಬಂದದ್ದೇ? ಹೌದಾದರೆ, ಆ ಕರಿಯನ್ನು ಕರಗಿಸುವ ರಾಸಾಯನಿಕ ಈ ಬಾಟಲಿಯಲ್ಲಿ ಸಾಕಷ್ಟು ಪ್ರಮಾಣದಲ್ಲಿ ಇದೆಯೇ? ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಸರಳವಾದವುಗಳಿಂದ ಕಠಿಣವಾದವುಗಳವರೆಗೆ ಇಲ್ಲಿ ಜೋಡಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಟ್ಯಾಂಕಿಗೆ ಸುರಿದ ಕ್ಲೀನರ್ ಎಲ್ಲೆಲ್ಲಿಗೆ ಹೋಗುತ್ತದೆ? ಇಡೀ ಎಂಜಿನ್ ಶುಚಿಯಾಗುತ್ತದೆಯೇ?

ಇಲ್ಲ. ಪೆಟ್ರೋಲ್ ಎಲ್ಲಿ ಹರಿಯುತ್ತದೆಯೋ ಅಲ್ಲಿಗೆ ಮಾತ್ರ ಅದು ಹೋಗುತ್ತದೆ. ಟ್ಯಾಂಕಿನಿಂದ ಪಂಪು, ಫಿಲ್ಟರ್, ಕೊಳವೆ, ಅಲ್ಲಿಂದ ಇಂಜೆಕ್ಟರ್. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಜೆಕ್ಟರ್ ಚಿಮ್ಮಿಸಿದ ಇಂಧನ ಗಾಳಿ ಒಳಬರುವ ವಾಲ್ವಿನ ಬೆನ್ನಿಗೆ ತಗಲಿ, ದಹನ ಕೋಣೆ ಸೇರಿ ಉರಿಯುತ್ತದೆ. ಕ್ಲೀನರಿನ ನಿಜವಾದ ಕೆಲಸ ನಡೆಯುವುದು ಕೊನೆಯ ಮೂರು ಕಡೆ: ಇಂಜೆಕ್ಟರಿನ ತುದಿ, ವಾಲ್ವಿನ ಬೆನ್ನು, ದಹನ ಕೋಣೆ. ಥ್ರಾಟಲ್ ಬಾಡಿಗೆ (ಒಳಬರುವ ಗಾಳಿಯನ್ನು ನಿಯಂತ್ರಿಸುವ ಭಾಗ), ಗಾಳಿಯ ಸೆನ್ಸರಿಗೆ ಬಾಟಲಿಯ ಒಂದು ಹನಿಯೂ ತಲುಪುವುದಿಲ್ಲ. ಅವುಗಳಿಗೆ ಬೇರೆ ಬೇರೆ ಸ್ಪ್ರೇಗಳಿವೆ.

ಒಳ್ಳೆಯ ಪೆಟ್ರೋಲನ್ನೇ ಹಾಕಿಸುತ್ತೇನೆ. ಆದರೂ ಕರಿ ಏಕೆ ಕಟ್ಟುತ್ತದೆ?

ಕರಿ ಹೆಚ್ಚಾಗಿ ಕಟ್ಟುವುದು ಕಾರು ಓಡುವಾಗಲ್ಲ, ನಿಲ್ಲಿಸಿದ ಮೇಲೆ. ಎಂಜಿನ್ ಆರಿಸಿದ ಕೂಡಲೇ ಇಂಧನದ ಹರಿವು ನಿಲ್ಲುತ್ತದೆ, ತಂಪು ಮಾಡುವ ನೀರಿನ ಓಟವೂ ಕುಂಠಿತವಾಗುತ್ತದೆ. ಆದರೆ ಕಬ್ಬಿಣದಲ್ಲಿ ತುಂಬಿದ ಬಿಸಿ ಅಲ್ಲೇ ಇರುತ್ತದೆ. ಇಂಜೆಕ್ಟರಿನ ತುದಿಯಲ್ಲಿ ಉಳಿದ ಪೆಟ್ರೋಲಿನ ಪಸೆಯಲ್ಲಿ ಹಗುರ ಅಂಶಗಳು ಆವಿಯಾಗಿ ಹೋಗುತ್ತವೆ. ಭಾರವಾದ ಅಂಶಗಳು ಗಾಳಿಯೊಂದಿಗೆ ಸೇರಿ, ಒಲೆಯ ಮೇಲೆ ಮರೆತ ಪಾತ್ರೆ ತಳ ಹಿಡಿದಂತೆ, ಕಂದು ಬಣ್ಣದ ತೆಳುಪದರವಾಗಿ ಅಂಟಿಕೊಳ್ಳುತ್ತವೆ. ಹತ್ತು ನಿಮಿಷ ಓಡಿಸಿ ಅರ್ಧ ಗಂಟೆ ನಿಲ್ಲಿಸುವ ಬಗೆಯ ಓಡಾಟದಲ್ಲಿ ಇದು ದಿನಕ್ಕೆ ಹಲವು ಸಲ ನಡೆಯುತ್ತದೆ. ಒಂದೇ ಸಮನೆ ದೂರ ಓಡುವ ಕಾರಿಗೆ ಈ ಕಾಟ ಕಡಿಮೆ.

ಪದರ ಎಷ್ಟು ತೆಳುವಾಗಿದ್ದರೂ ಪೆಟ್ಟು ಬೀಳುತ್ತದೆ, ಏಕೆಂದರೆ ಇಂಜೆಕ್ಟರಿನ ರಂಧ್ರಗಳ ಅಗಲವೇ ಒಂದು ಮಿಲಿಮೀಟರಿನ ಐದನೇ ಒಂದು ಭಾಗದ ಆಸುಪಾಸು. ಮಂಜಿನಂತೆ ಹರಡಬೇಕಾದ ಇಂಧನ ಒಂದು ಕಡೆಗೆ ವಾಲಿ, ಧಾರೆಯಾಗಿ, ದಪ್ಪ ಹನಿಗಳಾಗಿ ಬೀಳತೊಡಗುತ್ತದೆ. ದಪ್ಪ ಹನಿ ಪೂರ್ತಿ ಉರಿಯುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುವುದು, ಆಕ್ಸಿಲರೇಟರ್ ಒತ್ತಿದಾಗ ಕ್ಷಣಕಾಲ ತಡವರಿಸುವುದು ಇದರಿಂದಲೇ ಶುರುವಾಗಬಹುದು.

ಕ್ಲೀನರ್ ಹಾಕಿದರೆ ಮೈಲೇಜ್ ಎಷ್ಟು ಹೆಚ್ಚುತ್ತದೆ?

ಕರಿಯಿಂದ ಕಳೆದುಕೊಂಡಿದ್ದಷ್ಟು ಮಾತ್ರ ಮರಳಿ ಬರಬಹುದು. ಕಳೆದುಕೊಂಡೇ ಇಲ್ಲದಿದ್ದರೆ ಬರುವುದೂ ಇಲ್ಲ. ಹೊಸದಾಗಿದ್ದಾಗ ಇದ್ದದ್ದಕ್ಕಿಂತ ಹೆಚ್ಚು ಮೈಲೇಜ್ ಕೊಡುವ ಶಕ್ತಿ ಯಾವ ಬಾಟಲಿಗೂ ಇಲ್ಲ. ‘ಇಂತಿಷ್ಟು ಶೇಕಡಾ ಉಳಿತಾಯ ಖಚಿತ’ ಎಂದು ಮೊದಲ ಸಾಲಿನಲ್ಲೇ ಕೂಗುವ ಬಾಟಲಿಯನ್ನು ಅಲ್ಲೇ ಬಿಟ್ಟು ಬನ್ನಿ.

ನನ್ನ ಕಾರಿಗೆ ಇನ್ನೂ ಎರಡು ವರ್ಷವೂ ಆಗಿಲ್ಲ. ಈಗಲೇ ಹಾಕಬೇಕೇ?

ತೊಂದರೆ ಇಲ್ಲದಿದ್ದರೆ ಬೇಡ. ನೀವು ಹಾಕಿಸುವ ಪೆಟ್ರೋಲಿನಲ್ಲೇ ಶುಚಿಕಾರಕ ಇದೆಯೇ ಎಂಬುದು ಇಲ್ಲಿ ಮುಖ್ಯ. ಅಮೆರಿಕದಲ್ಲಿ 1995ರಿಂದ ಎಲ್ಲ ಪೆಟ್ರೋಲಿಗೂ ಕನಿಷ್ಠ ಪ್ರಮಾಣದ ಶುಚಿಕಾರಕ ಬೆರೆಸುವುದು ಕಡ್ಡಾಯ. ಆ ಕನಿಷ್ಠ ಸಾಲದು ಎಂದು ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟಾ ಕಂಪನಿಗಳು ಸೇರಿ 2004ರಲ್ಲಿ ‘ಟಾಪ್ ಟಿಯರ್’ ಎಂಬ ಹೆಚ್ಚು ಬಿಗಿಯಾದ ಮಾನದಂಡ ತಂದವು. ಅಲ್ಲಿನ ವಾಹನ ಚಾಲಕರ ಸಂಘಟನೆ ‘ಎಎಎ’ 2016ರಲ್ಲಿ ಎರಡೂ ಬಗೆಯ ಪೆಟ್ರೋಲನ್ನು ಹೋಲಿಸಿ ನೋಡಿತು. ಸುಮಾರು 6,400 ಕಿ.ಮೀ. ಓಟಕ್ಕೆ ಸಮನಾದ ಪರೀಕ್ಷೆಯಲ್ಲಿ, ಆ ಮಾನದಂಡ ಮುಟ್ಟದ ಪೆಟ್ರೋಲಿನಿಂದ ಸರಾಸರಿ 19 ಪಟ್ಟು ಹೆಚ್ಚು ಕರಿ ಕಟ್ಟಿತ್ತು. ಅಂದರೆ ದಿನವೂ ಹಾಕಿಸುವ ಇಂಧನವೇ ಮೊದಲ ಕ್ಲೀನರ್. ಅದು ಚೆನ್ನಾಗಿದ್ದರೆ ಬಾಟಲಿಯ ಅಗತ್ಯ ಅಪರೂಪ.

ಒಂದು ಕೆಲಸವನ್ನಂತೂ ಮಾಡಿ: ಕಾರಿನ ಕೈಪಿಡಿ ತೆಗೆದು ‘ಇಂಧನ’ ಎಂಬ ಭಾಗ ಓದಿ. ಕೆಲವು ತಯಾರಕರು ಶುಚಿಕಾರಕ ಇಲ್ಲದ ಪೆಟ್ರೋಲ್ ಬಳಸುವವರಿಗೆ ಇಷ್ಟು ಕಿಲೋಮೀಟರಿಗೆ ಒಂದು ಬಾಟಲಿ ಹಾಕಿ ಎಂದೇ ಬರೆದಿರುತ್ತಾರೆ. ಇನ್ನು ಕೆಲವರು ಯಾವ ಬಾಟಲಿಯೂ ಬೇಡ ಎನ್ನುತ್ತಾರೆ. ವಾರಂಟಿ ಇರುವವರೆಗೆ ಆ ಮಾತೇ ಅಂತಿಮ.

## ಬಾಟಲಿ ಆರಿಸುವಾಗ

ಹತ್ತಾರು ಬಾಟಲಿಗಳಿವೆ, ಎಲ್ಲವೂ ‘ಅತ್ಯುತ್ತಮ’ ಎನ್ನುತ್ತವೆ. ಏನನ್ನು ನೋಡಿ ಕೊಳ್ಳಲಿ?

ಬ್ರ್ಯಾಂಡಿನ ಹೆಸರು ನೋಡಬೇಡಿ, ಒಳಗಿನ ಶುಚಿಕಾರಕದ ಹೆಸರು ನೋಡಿ. ಪೆಟ್ರೋಲ್ ಕಾರಿನ ಬಾಟಲಿಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪದಾರ್ಥಗಳಿರುತ್ತವೆ.

ಮೊದಲನೆಯದು ಪಾಲಿಈಥರ್ ಅಮೈನ್, ಚಿಕ್ಕದಾಗಿ ಪಿಇಎ. ಇದರ ಅಣುವಿನ ಸಾರಜನಕ ಇರುವ ತುದಿ ಕರಿಗೆ ಅಂಟಿಕೊಳ್ಳುತ್ತದೆ, ಉದ್ದನೆಯ ಬಾಲ ಪೆಟ್ರೋಲಿನಲ್ಲಿ ಕರಗಿರುತ್ತದೆ. ಹೀಗೆ ಕರಿಯನ್ನು ಚೂರುಚೂರಾಗಿ ಎಬ್ಬಿಸಿ ಕೊಂಡೊಯ್ಯುತ್ತದೆ. ಹೆಚ್ಚಿನ ಬಿಸಿಯನ್ನೂ ತಾಳುವುದರಿಂದ ವಾಲ್ವಿನ ಬೆನ್ನಿನ ಮೇಲೆ, ದಹನ ಕೋಣೆಯಲ್ಲಿ ಕೂಡ ಕೆಲಸ ಮಾಡುತ್ತದೆ. ಎರಡನೆಯದು ಪಾಲಿಐಸೊಬ್ಯೂಟಿಲೀನ್ ಅಮೈನ್, ಅಂದರೆ ಪಿಐಬಿಎ. ಇಂಜೆಕ್ಟರನ್ನೂ ವಾಲ್ವನ್ನೂ ಶುಚಿಯಾಗಿ ಇಡಲು ಒಳ್ಳೆಯದೇ. ಆದರೆ ದಹನ ಕೋಣೆಯಲ್ಲಿ ತಾನೇ ಪೂರ್ತಿ ಉರಿಯದೆ ಅಲ್ಲಿನ ಕರಿಯನ್ನು ಹೆಚ್ಚಿಸಬಹುದು. ಮೂರನೆಯದು ಬರಿಯ ದ್ರಾವಕಗಳು: ನಾಫ್ತಾ, ಸೀಮೆಎಣ್ಣೆ ಜಾತಿಯ ಎಣ್ಣೆಗಳು, ಕ್ಸೈಲೀನ್, ಆಲ್ಕೋಹಾಲ್. ಮೆತ್ತಗಿನ ಅಂಟನ್ನು ಇವು ಸಡಿಲ ಮಾಡಬಲ್ಲವು. ಸುಟ್ಟು ಗಟ್ಟಿಯಾದ ಕರಿಯ ಮುಂದೆ ಇವುಗಳ ಆಟ ನಡೆಯುವುದಿಲ್ಲ.

ಹಳೆಯ ಕರಿ ತೆಗೆಯಬೇಕೆಂದರೆ ನನ್ನ ಆಯ್ಕೆ ಪಿಇಎ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಲೇಬಲ್ ಮೇಲೆ ‘ಪಿಇಎ ಇದೆ’ ಎಂದು ಬರೆದಿದ್ದರೆ ಸಾಕಲ್ಲವೇ?

ಸಾಲದು. ಕೊಳ್ಳುವವರು ಹೆಚ್ಚಾಗಿ ಮೋಸಹೋಗುವುದು ಇಲ್ಲೇ. ಒಂದು ಚಮಚದಷ್ಟಿದ್ದರೂ ‘ಇದೆ’ ಎಂದು ಬರೆಯಬಹುದು. ಪ್ರಮಾಣ ತಿಳಿಯಲು ಆ ಉತ್ಪನ್ನದ ‘ಸುರಕ್ಷತಾ ದತ್ತಾಂಶ ಪತ್ರ’ ನೋಡಬೇಕು. ರಾಸಾಯನಿಕ ಮಾರುವ ಕಂಪನಿಗಳು ಅದನ್ನು ಸಾಮಾನ್ಯವಾಗಿ ತಮ್ಮ ಜಾಲತಾಣದಲ್ಲೇ ಇಟ್ಟಿರುತ್ತವೆ. ಅದರ ಮೂರನೆಯ ವಿಭಾಗದಲ್ಲಿ ಅಪಾಯಕಾರಿ ಎನಿಸಿದ ಪದಾರ್ಥಗಳು, ಅವುಗಳ ಶೇಕಡಾ ವ್ಯಾಪ್ತಿ ಇರುತ್ತದೆ.

ಒಂದು ಲೆಕ್ಕ ಹಾಕೋಣ. ಮೊದಲ ಬಾಟಲಿ 300 ಮಿ.ಲೀ., ಅದರಲ್ಲಿ ಶೇ. 30 ಪಿಇಎ. ಅಂದರೆ ಸುಮಾರು 90 ಮಿ.ಲೀ. ಶುಚಿಕಾರಕ. 45 ಲೀಟರ್ ಟ್ಯಾಂಕಿಗೆ ಹಾಕಿದರೆ ಲೀಟರಿಗೆ 2 ಮಿ.ಲೀ., ಅಂದರೆ ಹತ್ತು ಲಕ್ಷಕ್ಕೆ 2,000 ಭಾಗ. ಎರಡನೆಯ ಬಾಟಲಿಯೂ 300 ಮಿ.ಲೀ., ಆದರೆ ಪಿಇಎ ಶೇ. 3. ಅದೇ ಟ್ಯಾಂಕಿನಲ್ಲಿ ಅದು ಹತ್ತು ಲಕ್ಷಕ್ಕೆ 200 ಭಾಗ ಮಾತ್ರ. ಆಗಲೇ ಶುಚಿಯಾಗಿರುವ ಎಂಜಿನ್ನನ್ನು ಹಾಗೇ ಇಡಲು ಕೆಲವು ನೂರು ಭಾಗ ಸಾಕು. ಕಟ್ಟಿದ ಕರಿಯನ್ನು ಒಂದೇ ಟ್ಯಾಂಕಿನಲ್ಲಿ ಎಬ್ಬಿಸಲು ಸಾವಿರಕ್ಕೂ ಮೇಲೆ ಬೇಕು. ನೋಡಲು ಎರಡೂ ಬಾಟಲಿ ಒಂದೇ ಗಾತ್ರ, ಕೆಲಸದಲ್ಲಿ ಹತ್ತು ಪಟ್ಟು ಅಂತರ. ಬೆಲೆಯನ್ನು ಹೋಲಿಸುವುದಾದರೆ ಬಾಟಲಿಗೆ ಎಷ್ಟು ಎಂದು ಕೇಳದೆ, ಶುಚಿಕಾರಕದ ಪ್ರತಿ ಮಿಲಿಲೀಟರಿಗೆ ಎಷ್ಟು ಬಿತ್ತು ಎಂದು ನೋಡಿ.

ಪತ್ರದಲ್ಲಿ ಶೇ. 90ಕ್ಕೂ ಮೇಲೆ ಪೆಟ್ರೋಲಿಯಂ ದ್ರಾವಕವೇ ಇದ್ದು, ಶುಚಿಕಾರಕದ ಹೆಸರೇ ಇಲ್ಲದಿದ್ದರೆ, ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಹೆಚ್ಚುಕಡಿಮೆ ದ್ರಾವಕವನ್ನೇ ಎಂದು ತಿಳಿಯಿರಿ. ಕೆಲವು ಕಂಪನಿಗಳು ‘ವ್ಯಾಪಾರ ರಹಸ್ಯ’ ಎಂದು ಹೆಸರು ಮರೆಮಾಚುತ್ತವೆ. ಅಂಥ ಬಾಟಲಿ ಕೆಟ್ಟದೇ ಆಗಿರಬೇಕೆಂದಿಲ್ಲ. ಆದರೆ ಎಲ್ಲವನ್ನೂ ತೆರೆದು ಹೇಳುವ ಇನ್ನೊಂದು ಬಾಟಲಿ ಪಕ್ಕದಲ್ಲೇ ಇರುವಾಗ ಅದನ್ನು ಆರಿಸಲು ಕಾರಣ ಕಾಣುವುದಿಲ್ಲ.

ನಮ್ಮಲ್ಲಿ ಎಥನಾಲ್ ಬೆರೆತ ಪೆಟ್ರೋಲ್ ಸಿಗುತ್ತದೆ. ನೀರು ತೆಗೆಯುವ ಬಾಟಲಿ ಬೇಕೇ?

ಅಂಥ ಬಾಟಲಿಗಳಲ್ಲಿ ಇರುವುದು ಹೆಚ್ಚಾಗಿ ಐಸೊಪ್ರೊಪೈಲ್ ಆಲ್ಕೋಹಾಲ್ ಇಲ್ಲವೇ ಮೆಥನಾಲ್. ಇವು ನೀರನ್ನು ತಮ್ಮೊಳಗೆ ಸೇರಿಸಿಕೊಂಡು ಎಂಜಿನ್ನಿಗೆ ಸಾಗಿಸುತ್ತವೆ. ಎಥನಾಲ್ ಕೂಡ ಅದೇ ಕೆಲಸ ಮಾಡುತ್ತದೆ. ಶೇ. 10 ಎಥನಾಲ್ ಇರುವ ಪೆಟ್ರೋಲ್ ಲೀಟರಿಗೆ ನಾಲ್ಕೈದು ಮಿಲಿಲೀಟರ್ ನೀರನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು. ಹಾಗಾಗಿ ಈ ಬಾಟಲಿ ಬೇಡ. ಮಿತಿ ಮೀರಿ ನೀರು ಸೇರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪು ಎಳೆಯುವುದು ಅದನ್ನೇ. ಆಗ ಟ್ಯಾಂಕು ಖಾಲಿ ಮಾಡಿಸುವುದೊಂದೇ ದಾರಿ. ಮೆಥನಾಲ್ ಇರುವ ಬಾಟಲಿಯನ್ನಂತೂ ಮುಟ್ಟಬೇಡಿ. ಅಲ್ಯೂಮಿನಿಯಂ ಭಾಗಗಳನ್ನು ಅದು ತಿನ್ನಬಲ್ಲದು.

ಆಕ್ಟೇನ್ ಹೆಚ್ಚಿಸುವ ಬಾಟಲಿಯೂ ಶುಚಿ ಮಾಡುತ್ತದಂತೆ, ಹೌದೇ?

ಎರಡೂ ಬೇರೆ ಕೆಲಸಗಳು. ಆಕ್ಟೇನ್ ಎಂದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಉರಿದು ಎಂಜಿನ್ ಬಡಿದುಕೊಳ್ಳದಂತೆ ತಡೆಯುವ ಗುಣದ ಅಳತೆ. ಆಕ್ಟೇನ್ ಹೆಚ್ಚಿಸುವ ಎಷ್ಟೋ ಬಾಟಲಿಗಳಲ್ಲಿ ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತಗಳಿರುತ್ತವೆ. ಲೋಹ ಉರಿದು ಮಾಯವಾಗುವುದಿಲ್ಲ, ಬೂದಿಯಾಗಿ ಉಳಿಯುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿಯ ಮೇಲೆ ಇಟ್ಟಿಗೆ ಬಣ್ಣದ ಪುಡಿ ಕಂಡರೆ ಅದೇ. ಮುಂದೆ ಆಕ್ಸಿಜನ್ ಸೆನ್ಸರ್, ಕೆಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲ ತಗ್ಗಿಸುವ ಭಾಗ), ಹೊಸ ಕಾರುಗಳಲ್ಲಾದರೆ ಹೊಗೆಯ ಕಣ ತಡೆಯುವ ಫಿಲ್ಟರ್ ಎಲ್ಲಕ್ಕೂ ಹಾನಿ. ಶುಚಿಗಾಗಿ ಕೊಳ್ಳುವ ಬಾಟಲಿಯಲ್ಲಿ ಲೋಹ ಇರಲೇಬಾರದು.

ಸ್ವಲ್ಪ ಸೀಮೆಎಣ್ಣೆ ಅಥವಾ ಥಿನ್ನರ್ ಹಾಕಿದರೆ ಅಗ್ಗದಲ್ಲಿ ಆಗುತ್ತದೆ ಎನ್ನುತ್ತಾರೆ.

ದಯವಿಟ್ಟು ಬೇಡ. ಸೀಮೆಎಣ್ಣೆಯ ಆಕ್ಟೇನ್ ಬಹಳ ಕಡಿಮೆ. ಎಂಜಿನ್ ಬಡಿದುಕೊಳ್ಳುತ್ತದೆ, ಕರಿಯೂ ಹೆಚ್ಚುತ್ತದೆ. ಥಿನ್ನರ್ ಮತ್ತು ಅಸಿಟೋನ್ ರಬ್ಬರ್ ಸೀಲುಗಳನ್ನು ಉಬ್ಬಿಸಿ ಸೋರುವಂತೆ ಮಾಡುತ್ತವೆ. ಪೆಟ್ರೋಲ್ ಸೋರಿದರೆ ಬೆಂಕಿಯ ಭಯ. ಇದು ದುಡ್ಡು ಉಳಿಸುವ ಜಾಗವಲ್ಲ.

## ಬಳಸುವಾಗ

ಟ್ಯಾಂಕು ಅರ್ಧ ಇದೆ. ಈಗಲೇ ಹಾಕಿಬಿಡಲೇ?

ಟ್ಯಾಂಕು ಖಾಲಿಯಾಗುತ್ತ ಬರುವವರೆಗೆ ಕಾಯಿರಿ. ಪೆಟ್ರೋಲ್ ತುಂಬಿಸುವ ಮುಂಚೆ ಬಾಟಲಿ ಸುರಿಯಿರಿ, ಆಮೇಲೆ ತುಂಬಿಸಿ. ಬೀಳುವ ಪೆಟ್ರೋಲೇ ಅದನ್ನು ಚೆನ್ನಾಗಿ ಬೆರೆಸುತ್ತದೆ. ಬಾಟಲಿ ಎಷ್ಟು ಲೀಟರಿಗೆ ಎಂಬುದನ್ನು ನಿಮ್ಮ ಟ್ಯಾಂಕಿನ ಗಾತ್ರಕ್ಕೆ ಹೊಂದಿಸಿ ನೋಡಿ. ಎರಡು ಬಾಟಲಿ ಒಟ್ಟಿಗೆ ಸುರಿದರೆ ಬೇಗ ಶುಚಿಯಾಗುತ್ತದೆ ಎಂಬುದು ತಪ್ಪು ಲೆಕ್ಕ.

ಹಾಕಿದ ಮೇಲೆ ಕಾರನ್ನು ನಿಲ್ಲಿಸಿಬಿಡಬೇಡಿ. ದೂರದ ಪ್ರಯಾಣ ಇರುವ ವಾರ ಆರಿಸಿಕೊಂಡರೆ ಉತ್ತಮ. ಎಂಜಿನ್ ಬಿಸಿಯಾಗಿ, ಒಂದೇ ಸಮನೆ ಓಡುವಾಗ ಶುಚಿಕಾರಕ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಟ್ಯಾಂಕು ಕಾಲು ಭಾಗಕ್ಕೆ ಇಳಿಯುವವರೆಗೆ ನಡುವೆ ಪೆಟ್ರೋಲ್ ತುಂಬಿಸಿ ತೆಳುಮಾಡಬೇಡಿ. ಪೂರ್ತಿ ಒಣಗಿಸುವುದೂ ಬೇಡ, ಟ್ಯಾಂಕಿನೊಳಗಿನ ಪಂಪು ತಂಪಾಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ.

ಎಷ್ಟು ಕಿಲೋಮೀಟರಿಗೊಮ್ಮೆ ಹಾಕಬೇಕು?

ಬಾಟಲಿಗಳ ಮೇಲಿನ ಸೂಚನೆ ಸಾಮಾನ್ಯವಾಗಿ 5,000ದಿಂದ 10,000 ಕಿ.ಮೀ. ನಡುವೆ ಇರುತ್ತದೆ. ಗಾಢವಾದ ಪಿಇಎ ಬಾಟಲಿಯಾದರೆ 10,000ಕ್ಕೆ ಒಮ್ಮೆ ಧಾರಾಳವಾಯಿತು. ಪ್ರತಿ ಟ್ಯಾಂಕಿಗೂ ಹಾಕಿ ಎನ್ನುವ ಬಾಟಲಿ ತೆಳುವಾದದ್ದು. ಅದು ಶುಚಿಯನ್ನು ಕಾಯುತ್ತದೆಯೇ ಹೊರತು ಹಳೆಯ ಕರಿ ತೆಗೆಯುವುದಿಲ್ಲ.

ಎಂಜಿನ್ ಆಯಿಲಿಗೆ ತೊಂದರೆಯಾಗುತ್ತದೆಯೇ?

ಶುಚಿಕಾರಕದ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಆಯಿಲಿಗೆ ಇಳಿಯುತ್ತದೆ. ಒಂದು ಟ್ಯಾಂಕಿನಿಂದ ಅಪಾಯವಿಲ್ಲ. ಆದರೂ ಆಯಿಲ್ ಬದಲಿಸುವ ಸರ್ವಿಸಿಗೆ ಒಂದು ಟ್ಯಾಂಕು ಮುಂಚೆ ಹಾಕುವುದು ಜಾಣತನ. ಇಳಿದದ್ದೆಲ್ಲ ಹಳೆಯ ಆಯಿಲಿನೊಂದಿಗೇ ಹೋಗುತ್ತದೆ.

ಬಾಟಲಿ ಹಾಕಿದ ಮೇಲೆ ಕಾರು ಇನ್ನೂ ಹದಗೆಟ್ಟಿತು. ಏನು ಮಾಡಲಿ?

ಹಳೆಯ ಕಾರುಗಳಲ್ಲಿ, ಅದರಲ್ಲೂ ತುಂಬಾ ದಿನ ನಿಂತವುಗಳಲ್ಲಿ ಹೀಗಾಗಬಹುದು. ಟ್ಯಾಂಕಿನ ತಳದ ಅಂಟು, ತುಕ್ಕು ಎದ್ದು ಪಂಪಿನ ಬಲೆಗೆ ಇಲ್ಲವೇ ಫಿಲ್ಟರಿಗೆ ಸಿಕ್ಕಿಕೊಂಡಿರುತ್ತದೆ. ಏರು ಹತ್ತುವಾಗ, ವೇಗ ಹೆಚ್ಚಿಸುವಾಗ ಎಂಜಿನ್ ಸೊರಗಿದರೆ ಮೊದಲು ಫಿಲ್ಟರ್ ಬದಲಿಸಿ, ಇಂಧನದ ಒತ್ತಡ ಅಳೆಸಿ. ಒಂದೆರಡು ದಿನ ಐಡ್ಲಿಂಗ್ (ಕಾರು ನಿಂತಿರುವಾಗ ಎಂಜಿನ್ ಓಡುವುದು) ಅಲುಗಾಡಿ ತಾನೇ ಸರಿಹೋದರೆ ಚಿಂತೆ ಬೇಡ. ಎಂಜಿನ್ ದೀಪ ಮಿನುಗತೊಡಗಿದರೆ ಮಾತ್ರ ಓಡಿಸಬೇಡಿ. ಅದು ಮಿಸ್‌ಫೈರಿನ ಸೂಚನೆ, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ; ಉರಿಯದ ಪೆಟ್ರೋಲ್ ಹೊಗೆನಳಿಗೆ ಸೇರಿ ಕನ್ವರ್ಟರನ್ನು ಸುಟ್ಟುಹಾಕಬಲ್ಲದು.

ವರ್ಷದ ಹೆಚ್ಚಿನ ಕಾಲ ಕಾರು ನಿಂತೇ ಇರುತ್ತದೆ. ಕ್ಲೀನರ್ ಹಾಕಿ ಇಡಲೇ?

ಅದಕ್ಕೆ ಬೇಕಾದದ್ದು ಇಂಧನ ಸ್ಟೆಬಿಲೈಸರ್. ಪೆಟ್ರೋಲ್ ಗಾಳಿಯೊಂದಿಗೆ ಸೇರಿ ಅಂಟಾಗುವುದನ್ನು ಅದು ತಡೆಯುತ್ತದೆ. ಹೊಸ ಪೆಟ್ರೋಲಿಗೇ ಹಾಕಿ, ಹತ್ತು ನಿಮಿಷ ಎಂಜಿನ್ ಓಡಿಸಿ, ಆಮೇಲೆ ನಿಲ್ಲಿಸಿ. ಆಗಲೇ ಹಳಸಿದ ಪೆಟ್ರೋಲನ್ನು ಅದು ಸರಿಮಾಡುವುದಿಲ್ಲ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ನನ್ನದು ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ವಾಲ್ವಿನ ಕರಿ ಬಾಟಲಿಯಿಂದ ಹೋಗುತ್ತದೆಯೇ?

ಹೋಗುವುದಿಲ್ಲ. ಈ ಎಂಜಿನ್ನುಗಳಲ್ಲಿ ಪೆಟ್ರೋಲ್ ನೇರವಾಗಿ ದಹನ ಕೋಣೆಯೊಳಗೆ, 100ರಿಂದ 350 ಬಾರ್ ಒತ್ತಡದಲ್ಲಿ ಚಿಮ್ಮುತ್ತದೆ. ವಾಲ್ವಿನ ಬೆನ್ನನ್ನು ಅದು ತೊಳೆಯುವುದೇ ಇಲ್ಲ. ಕ್ರ್ಯಾಂಕ್‌ಕೇಸಿನಿಂದ (ಎಂಜಿನ್ನಿನ ಕೆಳಗಿನ, ಆಯಿಲ್ ಇರುವ ಭಾಗ) ಬರುವ ಆಯಿಲಿನ ಆವಿ ಅಲ್ಲಿ ಕುಳಿತು, ಬೆಂದು, ದಪ್ಪಗೆ ಕಟ್ಟುತ್ತದೆ. ಅದನ್ನು ತೆಗೆಯುವ ನಂಬಿಕೆಯ ವಿಧಾನವೆಂದರೆ ಗಾಳಿಯ ಕೊಳವೆ ಬಿಚ್ಚಿ, ಅಕ್ರೋಟು ಚಿಪ್ಪಿನ ಪುಡಿಯನ್ನು ರಭಸದಿಂದ ಊದಿ ಉಜ್ಜುವುದು. ಚಿಪ್ಪಿನ ಪುಡಿ ಕರಿಯನ್ನು ಕೀಳುವಷ್ಟು ಗಟ್ಟಿ, ಲೋಹವನ್ನು ಗೀರದಷ್ಟು ಮೆದು. ಗಾಳಿಯ ದಾರಿಯಲ್ಲಿ ಸಿಂಪಡಿಸುವ ಸ್ಪ್ರೇಗಳೂ ಇವೆ; ಟರ್ಬೊ ಇರುವ ಕಾರಿನಲ್ಲಿ ಕಿತ್ತುಬಂದ ಗಟ್ಟಿ ಚೂರು ಟರ್ಬೊದ ರೆಕ್ಕೆಗಳಿಗೆ ಬಡಿಯುವ ಅಪಾಯವಿರುವುದರಿಂದ ತಯಾರಕರು ಒಪ್ಪಿದ್ದಾರೆಯೇ ಎಂದು ನೋಡಿಯೇ ಮುಂದುವರಿಯಿರಿ.

ಹಾಗೆಂದು ಈ ಕಾರುಗಳಿಗೆ ಬಾಟಲಿ ದಂಡವೇನಲ್ಲ. ಇಂಜೆಕ್ಟರಿನ ತುದಿ ಇಲ್ಲಿ ಬೆಂಕಿಯ ನಡುವೆಯೇ ಇರುತ್ತದೆ, ಕರಿ ಬೇಗ ಕಟ್ಟುತ್ತದೆ. ಅದಕ್ಕೆ ಪಿಇಎ ಒಳ್ಳೆಯ ಮದ್ದು. ಟೊಯೋಟಾದ ಡಿ-4ಎಸ್ ಬಗೆಯ ಎಂಜಿನ್ನುಗಳಲ್ಲಿ ಎರಡು ಜೊತೆ ಇಂಜೆಕ್ಟರುಗಳಿದ್ದು, ಒಂದು ಜೊತೆ ವಾಲ್ವಿನ ಮೇಲೆ ಚಿಮ್ಮುವುದರಿಂದ ಅಲ್ಲಿ ಈ ಕಾಟವೇ ಕಡಿಮೆ.

ಡೀಸೆಲ್ ಕಾರಿಗೂ ಇದೇ ಬಾಟಲಿ ಆಗುತ್ತದೆಯೇ?

‘ಡೀಸೆಲ್‌ಗೆ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ. ಡೀಸೆಲ್ ಪಂಪು, ಇಂಜೆಕ್ಟರುಗಳಿಗೆ ಇಂಧನವೇ ಜಾರುಎಣ್ಣೆ. ಪೆಟ್ರೋಲಿನ ಬಾಟಲಿಯ ದ್ರಾವಕ ಆ ಜಾರುವ ಗುಣವನ್ನು ತಗ್ಗಿಸುತ್ತದೆ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಇಂದಿನ ಕಾಮನ್ ರೈಲ್ ವ್ಯವಸ್ಥೆಗಳಲ್ಲಿ ಒತ್ತಡ 2,000 ಬಾರ್ ದಾಟುತ್ತದೆ, ಒಳಗಿನ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಅಲ್ಲಿ ಸವೆತ ಶುರುವಾದರೆ ಖರ್ಚು ದೊಡ್ಡದು. ಡೀಸೆಲ್ ಬಾಟಲಿಯಲ್ಲಿ ಡೀಸೆಲ್ಲಿಗೆಂದೇ ಮಾಡಿದ ಶುಚಿಕಾರಕ ಮತ್ತು ಜಾರುವ ಗುಣ ಹೆಚ್ಚಿಸುವ ಅಂಶ ಎರಡೂ ಇರಲಿ. ಸೀಟೇನ್ (ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ) ಹೆಚ್ಚಿಸುವ 2-ಈಥೈಲ್‌ಹೆಕ್ಸೈಲ್ ನೈಟ್ರೇಟ್ ಮಾತ್ರ ಇರುವ ಬಾಟಲಿಯಿಂದ ಎಂಜಿನ್ ಸ್ವಲ್ಪ ನಯವಾಗಿ ಓಡಬಹುದು, ಶುಚಿಯಾಗುವುದಿಲ್ಲ. ಟ್ಯಾಂಕಿನ ತಳದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟಿದ್ದರೆ ಅದಕ್ಕೆ ಬೇಕಾದದ್ದು ಜೀವಿನಾಶಕ. ಮೊದಲು ನೀರು ತೆಗೆಸಿ.

ಕಾರು ಹೆಚ್ಚಾಗಿ ಸಿಎನ್‌ಜಿಯಲ್ಲೇ ಓಡುತ್ತದೆ. ನನಗೂ ಬೇಕೇ?

ಅನಿಲದ ಇಂಜೆಕ್ಟರುಗಳಿಗೆ ಈ ಬಾಟಲಿ ತಲುಪುವುದೇ ಇಲ್ಲ. ಆದರೆ ಪೆಟ್ರೋಲ್ ಇಂಜೆಕ್ಟರುಗಳು ಕೆಲಸವಿಲ್ಲದೆ ಬಿಸಿಯಲ್ಲಿ ಕುಳಿತು ಅಂಟು ಕಟ್ಟುತ್ತವೆ, ಟ್ಯಾಂಕಿನ ಪೆಟ್ರೋಲೂ ಹಳಸುತ್ತದೆ. ಆಗಾಗ ಪೆಟ್ರೋಲಿನಲ್ಲಿ ಕೆಲವು ಕಿಲೋಮೀಟರ್ ಓಡಿಸುವುದು ಬಾಟಲಿಗಿಂತ ದೊಡ್ಡ ಉಪಕಾರ.

ಇಂಜೆಕ್ಟರೇ ಕಟ್ಟಿದೆ ಎಂದು ಬಾಟಲಿ ಕೊಳ್ಳುವ ಮುಂಚೆ ತಿಳಿಯುವುದು ಹೇಗೆ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಏಕೆಂದರೆ ಇದನ್ನು ಕೇಳಿದವರು ದುಡ್ಡು ಕಳೆದುಕೊಳ್ಳುವುದು ಕಡಿಮೆ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಂದು ಒಬಿಡಿ ಸ್ಕ್ಯಾನರ್ ಸಾಕು. ಅದರಲ್ಲಿ ‘ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್’ ನೋಡಿ. ಎಂಜಿನ್ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಇಂಧನ ಕೊಡಬೇಕಾಗಿ ಬಂದಿದೆ ಎಂಬುದನ್ನು ಅದು ಶೇಕಡಾದಲ್ಲಿ ಹೇಳುತ್ತದೆ. ಸೊನ್ನೆಯಿಂದ ಆಚೀಚೆ 5ರ ಒಳಗಿದ್ದರೆ ಆರೋಗ್ಯ. ಕೂಡಿಸುವ ಕಡೆ 10 ದಾಟಿದರೆ ಇಂಧನ ಸಾಲುತ್ತಿಲ್ಲ, ಇಲ್ಲವೇ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ.

ಎರಡರಲ್ಲಿ ಯಾವುದು? ಐಡ್ಲಿಂಗಿನಲ್ಲಿ ಅಂಕಿ ಹೆಚ್ಚಿದ್ದು ವೇಗ ಏರಿಸಿದಾಗ ಇಳಿದರೆ ಗಾಳಿಯ ಸೋರಿಕೆಯ ಶಂಕೆ. ಯಾವ ಕ್ಲೀನರಿನಿಂದಲೂ ಅದು ಸರಿಹೋಗದು. ಭಾರ ಬಿದ್ದಷ್ಟೂ ಅಂಕಿ ಏರಿದರೆ ಇಂಧನದ ಕೊರತೆ: ಫಿಲ್ಟರ್, ಪಂಪು ಅಥವಾ ಇಂಜೆಕ್ಟರ್. ಗಾಳಿಗೆ ತಕ್ಕಷ್ಟು ಇಂಧನ ಇಲ್ಲ ಎನ್ನುವ ಪಿ0171 ಎಂಬ ಸಂಕೇತ ಬಂದಾಗಲೂ ಇದೇ ಪರೀಕ್ಷೆ ಮಾಡಿ. ಒಂದೇ ಸಿಲಿಂಡರ್ ಮಿಸ್‌ಫೈರ್ ಆಗುತ್ತಿದ್ದರೆ ಮೆಕ್ಯಾನಿಕ್ ಬಳಿ ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿಸಿ. ತೊಂದರೆಯೂ ಅದರ ಜೊತೆಗೇ ಹೋದರೆ ಅಪರಾಧಿ ಸಿಕ್ಕಂತೆ. ಹೋಗದಿದ್ದರೆ ಪ್ಲಗ್, ಕಾಯಿಲ್, ಕಂಪ್ರೆಷನ್ ನೋಡಿಸಿ.

ಬಾಟಲಿ ಹಾಕಿದ ಮೇಲೆ ಅದೇ ಅಂಕಿಯನ್ನು ಮತ್ತೆ ನೋಡಿ. 12 ಇದ್ದದ್ದು 5ಕ್ಕೆ ಇಳಿದಿದ್ದರೆ ಕೆಲಸವಾಗಿದೆ. ‘ಪಿಕಪ್ ಚೆನ್ನಾಗಿದೆ ಅನ್ನಿಸುತ್ತದೆ’ ಎಂಬುದನ್ನು ನಾನು ಪುರಾವೆಯಾಗಿ ಒಪ್ಪುವುದಿಲ್ಲ.

ಎರಡು ಸಲ ಒಳ್ಳೆಯ ಕ್ಲೀನರ್ ಹಾಕಿಯೂ ಅಂಕಿ ಇಳಿಯಲಿಲ್ಲ. ಮೂರನೆಯದು ಹಾಕಲೇ?

ಬೇಡ. ಇಂಜೆಕ್ಟರುಗಳನ್ನು ಬಿಚ್ಚಿಸಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಶುಚಿ ಮಾಡಿಸುವ ಕಾಲ ಬಂದಿದೆ. ಇದರಲ್ಲಿ ಒಂದು ಲಾಭವಿದೆ: ಶುಚಿಗೆ ಮುಂಚೆ ಮತ್ತು ಆಮೇಲೆ ಪ್ರತಿ ಇಂಜೆಕ್ಟರ್ ಎಷ್ಟು ಮಿಲಿಲೀಟರ್ ಸುರಿಸಿತು ಎಂದು ಗಾಜಿನ ಅಳತೆ ಕೊಳವೆಗಳಲ್ಲಿ ಸಾಲಾಗಿ ಕಾಣುತ್ತದೆ. ನಾಲ್ಕು ಕೊಳವೆಗಳಲ್ಲಿ ಮೂರು ಒಂದೇ ಮಟ್ಟಕ್ಕೆ ಬಂದು ಒಂದು ಶುಚಿಯ ನಂತರವೂ ಕೆಳಗೇ ಉಳಿದರೆ, ಆ ಇಂಜೆಕ್ಟರಿನ ಸುರುಳಿ ಅಥವಾ ಸೂಜಿ ಕೆಟ್ಟಿದೆ, ಅದನ್ನು ಬದಲಿಸಬೇಕು. ಕೆಲಸ ಒಪ್ಪಿಸುವ ಮುಂಚೆಯೇ ಎರಡೂ ಸಲದ ಅಳತೆಗಳನ್ನು ಬರೆದು ಕೊಡುತ್ತೀರಾ ಎಂದು ಕೇಳಿ, ಮತ್ತೆ ಜೋಡಿಸುವಾಗ ರಬ್ಬರ್ ರಿಂಗುಗಳನ್ನು ಹೊಸದಾಗಿ ಹಾಕಿಸಿ.